ಅಂಜನ್‌ಕುಮಾರನ ಮಣಿಕಟ್ಟು

ಮುರಿದ ಎಡಗೈಗಿಂತ ಹೆಂಡತಿಯ ನಗುವೇ ಕನಕರಾಜುವಿಗೆ ಹೆಚ್ಚು ನೋಯುತ್ತಿತ್ತು. ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಪೈಪು ಬಿದ್ದು ಮೂಳೆ ಮುರಿದಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಇವತ್ತು ಪ್ಲೇಟು ಕೂರಿಸುವವರಿದ್ದರು. ಮಂಚದ ಪಕ್ಕವೇ ನಿಂತು ಇಂಪನಾ ನಗುತ್ತಿದ್ದಳು, ಅದೂ ಅಂಜನ್‌ಕುಮಾರನ ಜೊತೆ. ಗುಬ್ಬಿಯಲ್ಲಿ ಇಬ್ಬರದೂ ಒಂದೇ ಬೀದಿ, ಒಂದೇ ಕಾಲೇಜು. ಅವನೀಗ ಇಲ್ಲಿ ಅರಿವಳಿಕೆ ಡಾಕ್ಟರಿಗೆ ಟೆಕ್ನಿಷಿಯನ್. ಕುಣಿಗಲ್‌ನಲ್ಲಿ ಎಂಟನೇ ಕ್ಲಾಸಿಗೇ ಚೀಲ ಬಿಸಾಕಿದ್ದ ಕನಕರಾಜುವಿಗೆ ಅವನ ಹಸಿರು ಬಟ್ಟೆ ಕಂಡರೇ ಹೊಟ್ಟೆಯಲ್ಲಿ ಕೆಂಡ.

“ಮಂಪರು ಬರ್ಸೋ ಬಿಳಿ ಔಷಧಿ ನರದೊಳಕ್ಕೆ ಹೋಗ್ವಾಗ ಉರಿಯುತ್ತೆ ಭಾವ,” ಎಂದ ಅಂಜನ್. “ಅದ್ಕೇ ಮೊದ್ಲು ತೋಳಿಗೆ ರಬ್ಬರ್ ಕಟ್ಟಿ, ಮರಗಟ್ಸೋ ಔಷಧಿ ಒಂಚೂರು ಬಿಟ್ಟು ಒಂದ್ನಿಮಿಷ ಅಲ್ಲೇ ತಡೀತೀವಿ. ಆಮೇಲೆ ಅಷ್ಟಾಗಿ ಗೊತ್ತಾಗಲ್ಲ.”

“ಹಂಗೇ ಮಾಡೋ. ಇವ್ರಿಗೆ ಸೂಜಿ ಅಂದ್ರೆ ಕೈಕಾಲು ನಡುಗುತ್ತೆ,” ಎಂದಳು ಇಂಪನಾ.

ಹೋಗಿ ಹೋಗಿ ಇವನ ಮುಂದೆ ಗಂಡನ ಪುಕ್ಕಲುತನ ಬಿಚ್ಚಿಟ್ಟಳಲ್ಲ.

“ನಂಗ್ಯಾವ ರಬ್ಬರೂ ಬ್ಯಾಡ,” ಎಂದ ಕನಕರಾಜು. “ಕಾದ ಕಬ್ಬಿಣ ಹಿಡಿಯೋ ಕೈ ಇದು.”

“ಹಠ ಯಾಕ್ರೀ?”

“ನೀನ್ ಸುಮ್ನಿರೇ.”

ಆಪರೇಷನ್ ಥಿಯೇಟರಿನೊಳಗೆ ಅರಿವಳಿಕೆ ಡಾಕ್ಟರ್ ಸುಧಾ, ರಬ್ಬರ್ ಕಟ್ಟಲೇ ಎಂದು ಮತ್ತೊಮ್ಮೆ ಕೇಳಿದರು. “ಉರೀಲಿ ಬುಡಿ ಮೇಡಂ,” ಎಂದ. ಅಂಜನ್ ಎದುರು ಒಂದು ಸದ್ದೂ ಬಾಯಿಂದ ಬೀಳಬಾರದು, ಅಷ್ಟೇ.

ಬಿಳಿ ಔಷಧಿ ಬಲಗೈಗೆ ಇಳಿಯಿತು. ಹಸಿಮೆಣಸಿನಕಾಯಿ ಅರೆದು ನರದೊಳಗೇ ತುರುಕಿದಂತಾಯಿತು. ಕನಕರಾಜು ತುಟಿ ಕಚ್ಚಿದ. ಸದ್ದು ಬರಲಿಲ್ಲ, ಅವನ ಉಗುರುಗಳು ಮಾತ್ರ ಕೈ ಹಿಡಿದುಕೊಂಡಿದ್ದ ಅಂಜನ್‌ನ ಮಣಿಕಟ್ಟಿನೊಳಗೆ ಹೂತುಹೋದವು. ಆಮೇಲೆ ಕತ್ತಲೆ.

ಎಚ್ಚರವಾದಾಗ ವಾರ್ಡಿನಲ್ಲಿದ್ದ. “ಬಾಳ ಉರೀತೇನ್ರೀ?” ಎಂದು ಇಂಪನಾ ಬಾಗಿದಳು.

“ಏನೂ ಇಲ್ಲ.”

“ಭಾವ ಉಸಿರೇ ಎತ್ತಲಿಲ್ಲ ಕಣೇ. ಗಟ್ಟಿ ಆಳು,” ಎಂದ ಡ್ರಿಪ್ ನೋಡಲು ಬಂದಿದ್ದ ಅಂಜನ್.

ಕನಕರಾಜುವಿನ ಎದೆ ಉಬ್ಬಿತು. ಉಬ್ಬಿದ್ದು ಇಳಿಯುವಷ್ಟರಲ್ಲಿ ಇಂಪನಾಳ ಕಣ್ಣು ಅಂಜನ್‌ನ ಕೈ ಮೇಲೆ ಬಿತ್ತು.

“ಇದೇನೋ, ಬೆಕ್ಕು ಪರಚ್ದಂಗೆ ರಕ್ತ ಬಂದೈತೆ?”

“ಏನಿಲ್ಲ ಬುಡೇ.”

ಅವಳು ಬಿಡಲಿಲ್ಲ. ಅವನ ಕೈಯನ್ನು ಎಳೆದುಕೊಂಡು, ಹತ್ತಿ ಒದ್ದೆ ಮಾಡಿ ಉಗುರಿನ ಗುರುತನ್ನು ಒಂದೊಂದಾಗಿ ಒರೆಸಿದಳು. ಮಗುವಿನ ಗಾಯಕ್ಕೆ ಊದುವಂತೆ ಊದಿದಳು.

ಕನಕರಾಜುವಿನ ಒಂದು ಕೈಗೆ ಬ್ಯಾಂಡೇಜು, ಇನ್ನೊಂದಕ್ಕೆ ಡ್ರಿಪ್ಪು. ಅವಳನ್ನು ಇತ್ತ ಎಳೆದುಕೊಳ್ಳಲು ಅವನಿಗೆ ಕೈಯೇ ಇರಲಿಲ್ಲ.

“ಲೇ,” ಎಂದ ಕಡೆಗೆ. “ನಂಗೂ ಉರೀತು ಕಣೇ. ಬಾಳ ಉರೀತು.”

“ತಡೀರಿ,” ಎಂದಳು ಇಂಪನಾ, ತಿರುಗದೆಯೇ.