ನನ್ನದೇ ಮಾತಿನ ಮೊಕದ್ದಮೆ

ನಾನು ಗೊಟ್‌ಹೆಲ್ಫ್ ಊಲಿಗ್, ಕೆಮ್ನಿಟ್ಸ್ ಊರಿನ ಕಾರ್ಮಿಕರ ಪತ್ರಿಕೆಯ ಜವಾಬ್ದಾರಿ ಸಂಪಾದಕ. ಪದವಿ ಕೇಳಿ ಹೆದರಬೇಡಿ. ನಾನು ಬರೆಯುವುದೂ ಇಲ್ಲ, ತಿದ್ದುವುದೂ ಇಲ್ಲ. ಪತ್ರಿಕೆಯ ಕೊನೆಯಲ್ಲಿ ನನ್ನ ಹೆಸರು ಅಚ್ಚಾಗುತ್ತದೆ. ಸರ್ಕಾರಕ್ಕೆ ಸಿಟ್ಟು ಬಂದಾಗ ಜೈಲಿಗೆ ಹೋಗಿ ಕೂರುವುದು ನನ್ನ ಕೆಲಸ. ಬರೆಯುವ ಜಾಣರು ಒಳಗೆ ಹೋದರೆ ಪತ್ರಿಕೆ ನಿಂತುಹೋಗುತ್ತದಲ್ಲ, ಅದಕ್ಕೇ ಈ ಏರ್ಪಾಡು. ಇಂಥ ಪತ್ರಿಕೆ ಇರುವ ಊರುಗಳಲ್ಲೆಲ್ಲ ನನ್ನಂಥವನೊಬ್ಬ ಇರುತ್ತಾನೆ. ಮುಷ್ಕರದಲ್ಲಿ ಮಗ್ಗದ ಕೆಲಸ ಕಳೆದುಕೊಂಡ ನನಗೆ ಇದೇ ಗತಿಯಾಯಿತು. ನಾನು ಒಳಗಿದ್ದಾಗಲೂ ಮನೆಗೆ ಸಂಬಳ ತಲುಪುತ್ತಿತ್ತು.

ಹೀಗೆ ನಾನು ಬಡವರನ್ನು ಸಾಹುಕಾರರ ಮೇಲೆ ಎತ್ತಿಕಟ್ಟಿದ್ದೇನೆ, ಗಿರಣಿ ಮಾಲೀಕನ ಮಾನ ಕಳೆದಿದ್ದೇನೆ, ಒಮ್ಮೆ ಚಕ್ರವರ್ತಿಯನ್ನೇ ಅವಮಾನಿಸಿದ್ದೇನೆ. ಏನಂತ ಅವಮಾನಿಸಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಕೋರ್ಟಿನಲ್ಲಿ ಆ ಸಾಲು ಓದುವ ಮೊದಲು ಜನರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಆಮೇಲೂ ಗುಮಾಸ್ತ ಅದನ್ನು ಹೆದರಿ ಹೆದರಿ ಗೊಣಗಿದ, ನನಗೇ ಕೇಳಿಸಲಿಲ್ಲ. ಬರೆದದ್ದು ನೀನೇನಾ ಅಂದರು, ನಾನೇ ಅಂದೆ.

ಜೈಲಿನ ಕಾವಲುಗಾರ ಪ್ರತಿ ಸಲ ಕೇಳುತ್ತಿದ್ದ, "ಈ ಸಲ ಏನಪ್ಪ ಬರೆದೆ?"

"ನೀನೇ ಹೇಳ್ಬೇಕು ಮಾರಾಯ. ನಾನಿನ್ನೂ ಓದಿಲ್ಲ."

ಕಳೆದ ಚಳಿಗಾಲದಲ್ಲಿ ಗಂಟಲುಮಾರಿ ಬಂದು ನಮ್ಮ ಹುಲ್ಡಾ ಹೋಗಿಬಿಟ್ಟಳು. ಇದ್ದವಳು ಅವಳೊಬ್ಬಳೇ ಮಗಳು. ಮಣ್ಣು ಮಾಡುವಾಗ ಪಾದ್ರಿ ಕ್ಲೋಟ್ಸರ್, "ದೇವರು ಪ್ರೀತಿಯಿಂದ ಕರೆದುಕೊಂಡ" ಅಂದರು. ನಾನು ಕಿರುಚಿಬಿಟ್ಟೆ.

"ನಿಮ್ಮ ದೇವರು ಕಳ್ಳ! ಮಕ್ಕಳ ಕಳ್ಳ! ಅವನನ್ನ ಒಳಗೆ ಹಾಕೋಕೆ ಕಾನೂನಲ್ಲಿ ಒಂದು ಕಲಮೂ ಇಲ್ವಾ?"

ಸ್ಮಶಾನದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅವರಲ್ಲೊಬ್ಬ ದೂರು ಕೊಟ್ಟ. ದೇವನಿಂದೆಯ ಮೊಕದ್ದಮೆ ಬಿತ್ತು, ವಿಚಾರಣೆಗೆ ಬರುವಷ್ಟರಲ್ಲಿ ಮತ್ತೆ ಚಳಿ ಶುರುವಾಗಿತ್ತು. ನನ್ನ ಎದೆ ಆಗಲೇ ಕೆಟ್ಟಿತ್ತು. ಇನ್ನೊಂದು ಚಳಿಗಾಲ ಆ ಒದ್ದೆ ಗೋಡೆಗಳ ನಡುವೆ ಕಳೆದರೆ ಆಳು ಉಳಿಯುವುದಿಲ್ಲ ಅಂತ ವೈದ್ಯರು ನನ್ನ ಹೆಂಡತಿ ಸೆಲ್ಮಾಗೆ ಹೇಳಿದ್ದರು.

ಪತ್ರಿಕೆಯ ವಕೀಲ ಸೈಫರ್ಟ್ ಮಾತ್ರ ನಗುತ್ತಲೇ ಬಂದರು. "ಸುಲಭ ಕಣಯ್ಯ. ನೀನು ಬೇರೆಯವರ ಮಾತಿಗೆ ಹೆಸರು ಕೊಡೋನು ಅಂತ ನ್ಯಾಯಾಧೀಶರಿಗೂ ಗೊತ್ತು. ಪತ್ರಿಕೇಲಿ ಯಾರೋ ಬರೆದಿದ್ದ ಮಾತೇ ದುಃಖದಲ್ಲಿ ಬಾಯಿಗೆ ಬಂತು, ಏನಂದೆ ಅಂತ್ಲೇ ತಿಳೀಲಿಲ್ಲ ಅಂದುಬಿಡು."

"ಪತ್ರಿಕೇಲಿ ಅಂಥದ್ದು ಬಂದಿಲ್ವಲ್ಲ ಸ್ವಾಮಿ."

"ನೀನು ಪತ್ರಿಕೆ ಓದ್ತೀಯೇನು?"

"ಇಲ್ಲ."

"ಮತ್ತೆ ಬಂದಿಲ್ಲ ಅಂತ ಹೆಂಗೆ ಹೇಳ್ತೀಯ?"

ಓದದವನ ಬಾಯಿಗೆ ಅದು ಹೇಗೆ ಬರುತ್ತದೆ ಅಂತ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವರು ಟೋಪಿ ಹಾಕಿಕೊಂಡು ಹೊರಟಿದ್ದರು.

ಆದರೆ ಕಟಕಟೆಯಲ್ಲಿ ನಿಂತಾಗ ಅವರು ಹೇಳಿಕೊಟ್ಟದ್ದನ್ನು ಹೇಳಲು ಮನಸ್ಸು ಬರಲಿಲ್ಲ. "ಆ ಮಾತು ನನ್ನದೇ" ಅಂದೆ. ಜನ ಗೊಳ್ಳೆಂದು ನಕ್ಕರು.

ನ್ಯಾಯಾಧೀಶರಿಗೂ ನಗು ಬಂತು. "ಪ್ರತಿ ಸಲಾನೂ ಇದನ್ನೇ ಹೇಳ್ತೀಯಲ್ಲಯ್ಯ."

"ಆಗೆಲ್ಲ ಸುಳ್ಳು ಹೇಳ್ತಿದ್ದೆ ಸ್ವಾಮಿ. ಇದು ನಿಜ."

"ಎರಡೂ ಒಂದೇ ಥರ ಕೇಳುತ್ತಲ್ಲ!"

ನನಗೆ ಅಳು ಬರುವಂತಾಯಿತು. ಜೈಲು ಹಾಳಾಗಲಿ, ಎದೆ ಹಾಳಾಗಲಿ. ಹುಲ್ಡಾಳಿಗಾಗಿ ನಾನು ಆಡಿದ್ದು ಅದೊಂದೇ ಮಾತು. ಅದು ಅವಳಪ್ಪನದು ಅಂತ ಒಬ್ಬರಾದರೂ ನಂಬಬೇಕಿತ್ತು.

ಆಗ ಸೆಲ್ಮಾ ಎದ್ದಳು. ಹೆಂಡತಿಯನ್ನು ಸಾಕ್ಷಿ ಹೇಳೆಂದು ಬಲವಂತ ಮಾಡುವ ಹಾಗಿಲ್ಲ; ಅವಳೇ ಮುಂದೆ ಬಂದಳು. ಹುಲ್ಡಾಳ ಗುಂಡಿಯ ಬಳಿ ನನ್ನ ತೋಳು ಹಿಡಿದು ನಿಂತಿದ್ದವಳು ಅವಳೇ. ಇವಳಾದರೂ ನಿಜ ಹೇಳುತ್ತಾಳೆ ಅಂತ ಉಸಿರು ಬಿಟ್ಟೆ.

"ಸ್ವಾಮಿ, ಇವನಿಗೆ ಅಷ್ಟು ಮಾತು ಎಲ್ಲಿ ಬರುತ್ತೆ? ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೂ ಅಣ್ಣನ್ನ ಕಳ್ಸಿದ್ದ. ಯಾರೋ ಬರೆದಿದ್ದನ್ನ ಒದರಿದಾನೆ ಅಷ್ಟೆ. ಮಗು ಸತ್ತಾಗ್ಲೂ ಇವನಿಗೆ ಸ್ವಂತದ್ದು ಅಂತ ಒಂದು ಮಾತು ಹುಟ್ಟಲಿಲ್ಲ."

ಅವಳ ದನಿ ನಡುಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನ್ಯಾಯಾಧೀಶರು ತಲೆದೂಗಿದರು, ಸೈಫರ್ಟ್ ಕಣ್ಣು ಮಿಟುಕಿಸಿದರು. ಮಾಡದ್ದಕ್ಕೆಲ್ಲ ಶಿಕ್ಷೆ ಉಂಡಿದ್ದ ನನ್ನನ್ನು, ಮಾಡಿದ್ದೊಂದಕ್ಕೆ ನಿರಪರಾಧಿ ಎಂದು ಬಿಟ್ಟು ಕಳಿಸಿದರು.

ಮನೆಯಲ್ಲಿ ಸೆಲ್ಮಾ ಬೇಯಿಸಿದ ಆಲೂಗಡ್ಡೆ ಸುಲಿದು ಅಗಸೆ ಎಣ್ಣೆ ಹಾಕಿ ಮುಂದಿಟ್ಟಳು. ನಾನು ಮುಟ್ಟಲಿಲ್ಲ.

"ಅದು ಯಾರ ಮಾತು ಸೆಲ್ಮಾ?"

"ತಿನ್ನು, ಆರಿಹೋಗುತ್ತೆ."

"ಯಾರದು ಹೇಳು."

ಅವಳು ಕೈ ಒರೆಸಿಕೊಂಡು ಎದುರಿಗೆ ಕುಳಿತಳು. "ನಿನ್ನದೇ ಕಣೋ. ನನಗೂ ಅದೇ ಬಂದಿತ್ತು, ಬಾಯಿ ತೆರೆಯೋಕಾಗಲಿಲ್ಲ. ಆದ್ರೆ ಆ ಮಾತು ಉಳಿಸ್ಕೊಳ್ಳೋಕೆ ನಿನ್ನನ್ನ ಕೊಟ್ಬಿಡ್ಲಾ?"

ಅವಳ ಮೇಲೆ ಕೂಗಾಡಬೇಕೋ, ಅವಳ ಕೈ ಹಿಡಿಯಬೇಕೋ ತಿಳಿಯದೆ ಒಂದು ಆಲೂಗಡ್ಡೆ ಬಾಯಿಗಿಟ್ಟೆ.