ಜಲಾಲನಿಗಾಗಿ ಕಟ್ಟಿದ ಕಂಪ್ಯೂಟರ್

ಹಫೀಝಾ ಕಂಪ್ಯೂಟರ್ ಕಟ್ಟಲು ಹೊರಟದ್ದು ಮನೆಗೆ ಅದು ಬೇಕಾಗಿದೆ ಎಂದಲ್ಲ. ಚಿಕ್ಕಪ್ಪನ ಮಗ ಜಲಾಲನ ಮುಖ ಎಲ್ಲರೆದುರು ಕಪ್ಪಿಡಬೇಕು ಎಂದು.

ಜಲಾಲನಿಗೆ ಉಡುಪಿಯಲ್ಲಿ ಕಂಪ್ಯೂಟರ್ ಅಂಗಡಿ. ಕುಟುಂಬದವರ ಅಂಗಡಿ ಇರುವಾಗ ಹೊರಗೆ ಕೊಳ್ಳುವುದು ಅವರ ಮನೆಗಳಲ್ಲಿ ನಡೆಯದ ಮಾತು. ಕೊಂಡ ಮೇಲೆ ಬಿಲ್ ಕೇಳುವುದಂತೂ ಮುಖಕ್ಕೆ ಹೊಡೆದ ಹಾಗೆ. ಬಿಲ್ಲಿಲ್ಲದೆ, ಗ್ಯಾರಂಟಿಯಿಲ್ಲದೆ ಕಾಪುವಿನ ಮನೆಗೆ ಬಂದ ಆ ಕಂಪ್ಯೂಟರಿನ ಡಿಸ್ಕ್, ಹಫೀಝಾಳ ತಂದೆ ತೀರಿಹೋದ ವರ್ಷವೇ ಕೆಟ್ಟು ಕೂತಿತು. ಅವರ ಫೋಟೋಗಳು, ವಿಡಿಯೊಗಳು, ದನಿ, ನಗು ಎಲ್ಲ ಅದರೊಳಗಿದ್ದವು.

ಕಾರ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹಫೀಝಾ ಅದನ್ನು ಬಿಚ್ಚಿ ನೋಡಿದಳು. ಹೊಸ ಸ್ಟಿಕ್ಕರಿನ ಕೆಳಗೆ ಹಳೆಯದೊಂದಿತ್ತು. ಅದರ ಮೇಲೆ ಮಾರ್ಕರಿನಲ್ಲಿ 'ಕ್ಯಾಮೆರಾ ನಾಲ್ಕು' ಎಂದು ಬರೆದಿತ್ತು. ಯಾವುದೋ ಅಂಗಡಿಯ ಕಾವಲು ಕ್ಯಾಮೆರಾಕ್ಕೆ ಹಗಲಿರುಳು ದುಡಿದು ಸವೆದ ಡಿಸ್ಕನ್ನು ಜಲಾಲ ಹೊಸದೆಂದು ಹಾಕಿದ್ದ. ಮುಂದಿನ ಸಲ ಎಲ್ಲರೂ ಊಟಕ್ಕೆ ಸೇರಿದಾಗ ಅವಳು ಅದನ್ನು ಹೇಳಿಯೇಬಿಟ್ಟಳು. ಜಲಾಲ ತುತ್ತು ನಿಲ್ಲಿಸದೆ ನಕ್ಕ.

“ಪಾಠ ಮಾಡುವವಳಿಗೆ ಸ್ಕ್ರೂಡ್ರೈವರ್ ಯಾಕೆ ಮಾರಾಯ್ತಿ? ಬಿಚ್ಚಿದ್ದು ನೀನು, ಹಾಳು ಮಾಡಿದ್ದು ನೀನು. ಆ ಸ್ಟಿಕ್ಕರ್ ಸಹ ನೀನೇ ಅಂಟಿಸಿದ್ದು ಅಲ್ವಾ, ಸ್ಕ್ರೂಡ್ರೈವರ್ ಟೀಚರ್?”

ಎಲ್ಲರೂ ನಕ್ಕರು. ಅವಳ ತಮ್ಮ ಝಾಕಿರನೂ ನಕ್ಕ. ಉಮ್ಮ ನಗಲಿಲ್ಲ, ಆದರೆ ಮಗಳ ಕಡೆಗೆ ಒಮ್ಮೆ ನೋಡಿದರು, ನಿಜವಾಗಿಯೂ ನೀನೇ ಹಾಳು ಮಾಡಿದೆಯಾ ಎಂಬಂತೆ. ಹೆಸರಿಟ್ಟದ್ದನ್ನು ಹಫೀಝಾ ಸಹಿಸುತ್ತಿದ್ದಳೋ ಏನೋ, ಆ ನೋಟವನ್ನು ಸಹಿಸಲಾರದೆ ಹೋದಳು.

ಒಂದೊಂದು ಬಿಡಿಭಾಗವನ್ನು ಆರಿಸುವಾಗಲೂ ಅವಳ ಕಣ್ಣೆದುರು ಜಲಾಲನಿದ್ದ. ಮದರ್‌ಬೋರ್ಡ್, ಪ್ರೊಸೆಸರ್‌ಗಳನ್ನು ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳಿಂದ ಕೊಂಡಳು. ಅವು ಹಳೆಯವಾದರೂ ಚಿಂತೆಯಿಲ್ಲ, ಕೆಟ್ಟರೆ ಬೇರೆ ಸಿಗುತ್ತವೆ. ಡಿಸ್ಕ್‌ಗಳು ಮಾತ್ರ ಹೊಸವು, ಬಿಲ್ಲಿನ ಸಮೇತ, ಎರಡು ಬೇರೆ ಕಂಪನಿಗಳವು. ಒಂದೇ ಸಲ ತಯಾರಾದವು ಒಂದೇ ಸಲ ಸಾಯುವುದುಂಟು. ಕಂಪ್ಯೂಟರ್ ನಡೆಯಲು ಬೇಕಾದದ್ದೆಲ್ಲ ಪುಟ್ಟದೊಂದು ಬೇರೆ ಡಿಸ್ಕಿನಲ್ಲಿ. ಮನೆಯವರ ನೆನಪುಗಳೆಲ್ಲ ಈ ಜೋಡಿಯಲ್ಲಿ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡುವಂತೆ ಹೊಂದಿಸಿದಳು. ಕಡಲಿನ ಉಪ್ಪುಗಾಳಿಗೆಂದು ಪೆಟ್ಟಿಗೆಗೆ ಜಾಳಿಗೆ ಹಾಕಿಸಿದಳು, ಮಳೆಗಾಲದ ಕರೆಂಟಿಗೆ ಯುಪಿಎಸ್ ಇಟ್ಟಳು. ಪೆಟ್ಟಿಗೆಯಂತೂ ದುಬಾರಿಯದು: ಡಿಸ್ಕ್‌ಗಳನ್ನು ಮೇಜಿನ ಖಾನೆಯ ಹಾಗೆ ಮುಂದಿನಿಂದಲೇ ಎಳೆಯಬಹುದು. ಮನೆಯ ಬಳಕೆಗೆ ಅದು ಬೇಕಿರಲಿಲ್ಲ. ಜಲಾಲನ ಕೈಗೆ ಬೇಕಿತ್ತು.

ಮೂರನೆಯ ಪ್ರತಿ ಬೇರೆ ಮನೆಯಲ್ಲಿ ಇರಬೇಕು ಎನ್ನುವುದು ಅವಳ ಲೆಕ್ಕ. ಅದಕ್ಕೆ ಒಪ್ಪಿದವಳು ಜಲಾಲನ ಹೆಂಡತಿ ಫಾತಿಮಾ. ತನ್ನ ಹಳೆಯ ಫೋನಿನಲ್ಲಿ ಉಳಿದಿದ್ದ ವಿಡಿಯೊವೊಂದನ್ನು ಹುಡುಕಿಕೊಟ್ಟವಳೂ ಅವಳೇ: ತಂದೆ ಅಂಗಳದಲ್ಲಿ ಕೂತು ಹಲಸಿನಹಣ್ಣು ಬಿಡಿಸುತ್ತಿದ್ದದ್ದು. ಬೇರೆಲ್ಲೂ ಉಳಿಯದ ಅವರ ದನಿ ಅದರಲ್ಲಿತ್ತು.

“ನನ್ನ ಅಲ್ಮೇರಾದಲ್ಲಿ ಇಡುತ್ತೇನೆ,” ಎಂದಿದ್ದಳು ಫಾತಿಮಾ. “ಅವರು ಅದನ್ನು ತೆರೆಯುವುದೇ ಇಲ್ಲ. ತೆರೆದರೆ ಬಟ್ಟೆ ಮಡಚಲಿಕ್ಕೆ ಹೇಳಿಯೇನು ಎಂಬ ಹೆದರಿಕೆ.”

“ನಿನಗೆ ತೊಂದರೆಯಾದರೆ?”

“ಅವರು ನಿನ್ನನ್ನು ಒಂದು ಊಟದಲ್ಲಿ ನಗೆಪಾಟಲು ಮಾಡಿದರು. ನನ್ನನ್ನು ಎಷ್ಟು ಊಟಗಳಲ್ಲಿ ಮಾಡಿದ್ದಾರೆ ನಿನಗೆ ಗೊತ್ತುಂಟಾ?”

ಉಮ್ಮನಿಗೆ ಹಫೀಝಾ ಏನೂ ಹೇಳಲಿಲ್ಲ. ಮೊದಲೇ ಗೊತ್ತಿದ್ದರೆ ಅವರ ಮುಖ ಎಲ್ಲವನ್ನೂ ಬಿಟ್ಟುಕೊಡುತ್ತಿತ್ತು.

ಈದ್ ದಿನ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಚಾವಡಿಯಲ್ಲಿ ಸೇರಿದ್ದರು. ಹಫೀಝಾ ವಿಡಿಯೊ ಹಾಕಿದಳು. ತೆರೆಯ ಮೇಲೆ ತಂದೆ, ಕೈತುಂಬ ಹಲಸಿನ ಮೇಣ. “ಫೋನ್ ಆಚೆ ಇಡು ಮಾರಾಯ್ತಿ! ತಿನ್ನಲಿಕ್ಕೆ ಬಂದದ್ದಾ, ಸಿನಿಮಾ ತೆಗೆಯಲಿಕ್ಕೆ ಬಂದದ್ದಾ?” ಉಮ್ಮ ಬಾಯಿಗೆ ಸೆರಗು ಒತ್ತಿ ಅಳುತ್ತ ನಗತೊಡಗಿದರು. ಮುಗಿದೊಡನೆ ಮತ್ತೆ ಮೊದಲಿನಿಂದ ಬರುವಂತೆ ಹಫೀಝಾ ಇಟ್ಟಿದ್ದಳು.

“ಪರವಾಗಿಲ್ಲ, ಸ್ಕ್ರೂಡ್ರೈವರ್ ಟೀಚರ್,” ಎಂದ ಜಲಾಲ. “ಎಷ್ಟು ದಿನ ಬಾಳ್ತದೆ ನೋಡುವ.”

ಅವಳು ಕಾದಿದ್ದು ಇದಕ್ಕೇ. “ನೀವೇ ನೋಡಿ, ಜಲಾಲಾಕ,” ಎಂದಳು, ಅಣ್ಣನಿಗೆ ಕೊಡುವ ಮರ್ಯಾದೆಯಲ್ಲೇ. “ಈ ಎರಡು ಡಿಸ್ಕಿನಲ್ಲಿ ಒಂದನ್ನು ಎಳೆಯಿರಿ. ಹೀಗೆ ನಡೆಯುತ್ತಿರುವಾಗಲೇ.”

“ಹುಚ್ಚಾ ನಿನಗೆ?”

“ಎಂತ, ಹೆದರಿಕೆಯಾ?” ಎಂದ ಝಾಕಿರ್. ಅವನಿಗೆ ಯಾರ ತಮಾಷೆಯಾದರೂ ಸರಿ.

ಜಲಾಲ ಎದ್ದುಬಂದು ಮೇಲಿನದನ್ನು ಎಳೆದ. ತಂದೆ ಹಲಸು ಬಿಡಿಸುತ್ತಲೇ ಇದ್ದರು.

“ಒಂದು ಸತ್ತರೂ ಇನ್ನೊಂದು ನಡೆಸುತ್ತದೆ,” ಎಂದಳು ಹಫೀಝಾ, ತರಗತಿಯಲ್ಲಿ ಹೇಳುವಷ್ಟೇ ಮೆಲ್ಲಗೆ. “ನೀವು ನಮಗೆ ಕೊಟ್ಟದ್ದರಲ್ಲಿ ಒಂದೇ ಇತ್ತು. ಅದೂ ಎಲ್ಲಿಯದೋ ಕ್ಯಾಮೆರಾದ್ದು.”

ಈ ಸಲ ಎಲ್ಲರೂ ನಕ್ಕದ್ದು ಅವನನ್ನು ನೋಡಿ. ಜಲಾಲನ ಕಿವಿಗಳು ಕೆಂಪಾದವು. ಸೋತ ಆಟದ ಹಲಗೆಯನ್ನೇ ಮಗುಚುವ ಸ್ವಭಾವ ಅವನದು. ಹಫೀಝಾ ಅದನ್ನು ಚಿಕ್ಕಂದಿನಿಂದ ಬಲ್ಲಳು. ಅವಳ ಯೋಜನೆಯೆಲ್ಲ ಆ ಒಂದು ತಿಳುವಳಿಕೆಯ ಮೇಲೆ ನಿಂತಿತ್ತು. “ಹಾಗಾದರೆ ಇದನ್ನೂ ಎಳೆದರೆ?” ಎಂದು ಕೆಳಗಿನದನ್ನೂ ಕಿತ್ತೇಬಿಟ್ಟ.

ತಂದೆ ಬಾಯಿ ತೆರೆದಂತೆಯೇ ನಿಂತರು. ಆಮೇಲೆ ತೆರೆ ಕಪ್ಪಾಯಿತು.

ಉಮ್ಮ ಕೂಗಿಕೊಂಡರು. ಅಂಥ ಕೂಗನ್ನು ಆ ಮನೆ ಒಮ್ಮೆ ಮಾತ್ರ ಕೇಳಿತ್ತು, ತಂದೆಯನ್ನು ಎತ್ತಿಕೊಂಡು ಹೊರಟ ದಿನ. ಜಲಾಲನ ಕೈಯಲ್ಲಿ ಎರಡೂ ಡಿಸ್ಕುಗಳಿದ್ದವು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಒಂದು ಮಾತಿಗೆ ರೇಗಿ, ಸತ್ತವರ ದನಿಯನ್ನು ಅವರ ಹೆಂಡತಿಯ ಕಣ್ಣೆದುರೇ ಕಿತ್ತ ಕೈ. ಹಫೀಝಾಳಿಗೆ ಬೇಕಾದದ್ದು ಇದೇ ನೋಟ. ಅವಳು ಬೇಕೆಂದೇ ತಡಮಾಡಿದಳು.

ಕೊನೆಗೆ ಮಾತಾಡಿದವಳು ಫಾತಿಮಾ. “ಏನೂ ಹೋಗಲಿಲ್ಲ ಉಮ್ಮ, ಅಳಬೇಡಿ. ಇನ್ನೊಂದು ನಮ್ಮ ಮನೆಯಲ್ಲಿ ಉಂಟು.”

“ನಮ್ಮ ಮನೆಯಲ್ಲಾ?” ಎಂದ ಜಲಾಲ.

“ನಿಮ್ಮ ಕೈಗೆ ಸಿಗದ ಕಡೆ.”

ಯಾರೂ ನಗಲಿಲ್ಲ. ಜಲಾಲ ಡಿಸ್ಕುಗಳನ್ನು ಮೇಜಿನ ಮೇಲಿಟ್ಟು, ಹೆಂಡತಿಯನ್ನು ಕರೆಯದೆ ಹೊರಗೆ ನಡೆದ. ಈದ್ ದಿನ ಬಂದವರನ್ನು ಗೇಟಿನವರೆಗೆ ಬಿಟ್ಟುಬರುವುದು ಆ ಮನೆಯ ಪದ್ಧತಿ. ಯಾರೂ ಏಳಲಿಲ್ಲ.

ಎದ್ದವರು ಉಮ್ಮ. ಮೇಜಿನ ಹತ್ತಿರ ಬಂದು ಎರಡೂ ಡಿಸ್ಕುಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

“ಅದನ್ನು ಮತ್ತೆ ಹಾಕಬೇಕು ಉಮ್ಮ. ಏನೂ ಆಗಿಲ್ಲ.”

“ನಿನಗೆ ಗೊತ್ತಿತ್ತಾ, ಅವನು ಎಳೆಯುತ್ತಾನೆ ಅಂತ?”

ಹಫೀಝಾ ಸುಳ್ಳು ಹೇಳಲಿಲ್ಲ. “ಗೊತ್ತಿತ್ತು.”

“ಅವನು ಎಂಥವನು ಅಂತ ತೋರಿಸಲಿಕ್ಕೆ ಇವರನ್ನು ನನ್ನೆದುರು ಇನ್ನೊಮ್ಮೆ ಸಾಯಿಸಬೇಕಿತ್ತಾ?”

ಉಮ್ಮ ಒಳಕೋಣೆಗೆ ಹೋದರು. ಫಾತಿಮಾ ಅವರ ಹಿಂದೆಯೇ ನಡೆದಳು.

ಹಫೀಝಾ ನಿಂತಲ್ಲೇ ನಿಂತಳು. ಹೊರಗೆ ಜಲಾಲನ ಬೈಕ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಮೊದಲು ಉಮ್ಮನ ಬಳಿಗೆ ಹೋಗಬೇಕು, ಹೋಗಿ ಕಾಲು ಹಿಡಿಯಬೇಕು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಅವಳು ಕಿಟಕಿಯ ಬಳಿಗೆ ಹೋದಳು. ಬಿಸಿಲಲ್ಲಿ ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿದ ಜಲಾಲ, ಒಬ್ಬನೇ, ಬೈಕನ್ನು ತಳ್ಳಿಕೊಂಡು ರಸ್ತೆಯ ತಿರುವು ದಾಟುವವರೆಗೂ ನೋಡಿದಳು. ಆಮೇಲೆ ಒಳಕೋಣೆಯ ಬಾಗಿಲು ತಟ್ಟಿದಳು.