ಹೆಚ್ಚುಕಡಿಮೆ ಓನರು

ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ನೋಡೋಣ ಎಂದು. ಅಣ್ಣನ ಮಕ್ಕಳಿಗೆ ನೋಡೋಣ ಅತ್ತೆ, ಅತ್ತಿಗೆಗೆ ಬರೀ ನೋಡೋಣ. ಚಪ್ಪಲಿ ಅಂಗಡಿಗೆ ಹೋದರೆ ಎರಡೂ ಕಾಲಿಗೆ ಹಾಕಿಕೊಂಡು, ಅಂಗಡಿಯ ಉದ್ದಕ್ಕೂ ನಾಲ್ಕು ಸಲ ನಡೆದು, ಕನ್ನಡಿಯ ಮುಂದೆ ನಿಂತು, ಕೊನೆಗೆ ‘ನೋಡೋಣ’ ಎಂದು ಬರಿಗೈಯಲ್ಲಿ ಹೊರಗೆ ಬರುವುದು ಅವಳ ಹುಟ್ಟುಗುಣ. ಮದುವೆಯ ವಿಷಯದಲ್ಲಿ ಮಾತ್ರ ಅವಳು ನೋಡೋಣ ಎಂದದ್ದನ್ನು ಹುಡುಗನ ಕಡೆಯವರು ಒಪ್ಪಿಗೆ ಎಂದುಕೊಂಡು ಎದ್ದುಹೋದದ್ದರಿಂದ ಆ ಕೆಲಸವೊಂದು ಹೇಗೋ ಆಗಿಹೋಗಿತ್ತು.

ಗಂಡನ ಜೊತೆ ಹೊರದೇಶಕ್ಕೆ ಹೋಗಿ ಹನ್ನೊಂದು ವರ್ಷವಾಗಿತ್ತು. ಗಂಡನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ಅವಳದು ಲಿಫ್ಟ್ ಕಂಪನಿಯೊಂದರ ಫೋನ್ ಕೋಣೆಯಲ್ಲಿ. ಊರಿನ ಯಾವ ಮೂಲೆಯಲ್ಲೇ ಆಗಲಿ, ಲಿಫ್ಟು ಮಹಡಿ ಮಹಡಿಯ ಮಧ್ಯೆ ನಿಂತು ಒಳಗಿದ್ದವರು ಗುಂಡಿ ಒತ್ತಿದರೆ ಆ ಕರೆ ಅವಳ ಕಿವಿಗೆ ಬರುತ್ತಿತ್ತು. ಮೆಕ್ಯಾನಿಕ್ ಬಂದು ಬಾಗಿಲು ತೆರೆಯುವ ತನಕ ಒಳಗಿನವರನ್ನು ಮಾತಿನಲ್ಲಿ ಹಿಡಿದಿಡಬೇಕು. ಗಾಬರಿ ಬೇಡ, ನಾನಿದ್ದೇನೆ, ಒಳಗೆ ಎಷ್ಟು ಜನ ಇದ್ದೀರಿ, ಎಲ್ಲರೂ ಆರಾಮಾಗಿ ಉಸಿರಾಡಿ ಎಂದು ಅವಳು ಆ ದೇಶದ ಭಾಷೆಯಲ್ಲಿ ಹೇಳಿದರೆ ಅಳುತ್ತಿದ್ದವರೂ ಮೂಗೊರೆಸಿಕೊಂಡು ಸುಮ್ಮನಾಗುತ್ತಿದ್ದರು. ಬೇರೆಯವರ ಕಷ್ಟಕ್ಕೆ ಅವಳ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ.

ನಡುಗುತ್ತಿದ್ದದ್ದು ಮನೆ ಕೊಳ್ಳುವ ಮಾತು ಬಂದಾಗ. ತಾಯ್ನಾಡಿನಲ್ಲಿ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡಬೇಕು ಎಂಬ ಆಸೆಗೆ ಆಗಲೇ ಏಳು ವರ್ಷ ತುಂಬಿತ್ತು. ಆಸೆಯ ಜೊತೆಗೇ ಒಂದು ನೋಟ್‌ಬುಕ್ಕೂ ಬೆಳೆದಿತ್ತು. ಅದರ ತುಂಬ ಅವಳ ಪ್ರಶ್ನೆಗಳು. ಬಾಡಿಗೆಯವರು ಹೋಗುವಾಗ ಬಾಗಿಲು ಕಿತ್ತುಕೊಂಡು ಹೋದರೆ? ಗೋಡೆಗೆ ತೇವ ಹಿಡಿದರೆ ಇಷ್ಟು ದೂರದಲ್ಲಿರುವ ನನಗೆ ಅದು ಹೇಗೆ ಗೊತ್ತಾಗಬೇಕು? ಪಕ್ಕದ ಕಟ್ಟಡ ವಾಲಿದರೆ ಯಾವ ಕಡೆಗೆ ವಾಲೀತು?

ಊರಿನಲ್ಲಿ ಮನೆ ನೋಡುವ ಭಾರ ಅತ್ತಿಗೆಯ ಮೇಲಿತ್ತು. ಅತ್ತಿಗೆ ಟೈಲರ್. ಅಂಗಡಿಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೋಗಿ, ಕೋಣೆಗಳನ್ನು ಅದರಲ್ಲೇ ಅಳೆದು, ಫೋನಿನಲ್ಲಿ ಮೂಲೆ ಮೂಲೆ ತೋರಿಸುತ್ತಿದ್ದರು. ಮೂವತ್ತೆಂಟನೆಯ ಮನೆಯ ಹೊತ್ತಿಗೆ ಅವರ ತಾಳ್ಮೆಯ ಹೊಲಿಗೆ ಬಿಚ್ಚತೊಡಗಿತ್ತು. ಮೂವತ್ತೊಂಬತ್ತನೆಯದೇ ಮೂರನೆಯ ಮಹಡಿಯ ಆ ಫ್ಲ್ಯಾಟು. ಮಾರಾಟಕ್ಕಿದೆ, ಆದರೆ ಬಾಡಿಗೆಯವರ ಸಮೇತ, ಒಳಗಿರುವವರೇ ಬಾಗಿಲು ತೆಗೆದು ತೋರಿಸುತ್ತಾರೆ ಎಂದು ಬ್ರೋಕರ್ ವಿಳಾಸ ಕೊಟ್ಟಿದ್ದ.

ಬಾಗಿಲು ತೆಗೆದವರು ಅಚ್ಚಿನ ಮನೆಯೊಂದರಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದ ಹಿರಿಯರು. ಒಂಟಿ ಜೀವ. ಕಿವಿಯ ಹಿಂದೆ ಈಗಲೂ ಕೆಂಪು ಪೆನ್ನು. ಫ್ಲ್ಯಾಟಿನ ಮಾಲೀಕ ಬೇರೆ ಯಾವುದೋ ದೇಶದಲ್ಲಿದ್ದ, ಫೋನ್ ಎತ್ತುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಹೇಳಿಕೊಳ್ಳಲು ಯಾರೂ ಸಿಗದ ಪ್ರೂಫಿನವರು ಅತ್ತಿಗೆಯ ಕೈಯಲ್ಲಿದ್ದ ಫೋನಿಗೇ ಮುಖ ಕೊಟ್ಟು, ಕೋಣೆ ಕೋಣೆ ಸುತ್ತಿಸಿ ಎಲ್ಲ ವಿವರಿಸಿದರು. ಕೊನೆಗೆ ಅತ್ತಿಗೆಯನ್ನು ಕೇಳಿದರು.

“ಇವರೇನಾ ಹೊಸ ಓನರು?”

ಅತ್ತಿಗೆಗೆ ಕಾಲು ನೋಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು.

“ಹೆಚ್ಚುಕಡಿಮೆ” ಎಂದುಬಿಟ್ಟರು. ಇವಳು ಆ ಕಡೆಯಿಂದ ಎಂದಿನಂತೆ ನೋಡೋಣ ಎಂದಳು. ಪ್ರೂಫಿನವರು ನಂಬರ್ ಬರೆದುಕೊಂಡರು.

ಮುಂದಿನ ವಾರ ಅವಳು ಫೋನ್ ಕೋಣೆಯಲ್ಲಿ ಊಟದ ಬಿಡುವಿನಲ್ಲಿದ್ದಾಗ ಕರೆ ಬಂತು.

“ಮೇಡಂ, ನಾನು ನಿಮ್ಮ ಬಾಡಿಗೆಯವನು. ನಲ್ಲಿ ಕೈಗೇ ಬಂದುಬಿಟ್ಟಿದೆ. ನೀರು ನಿಲ್ತಾ ಇಲ್ಲ.”

ನಾನು ಓನರ್ ಅಲ್ಲ, ಬರೀ ಮನೆ ನೋಡಿದವಳು ಎನ್ನಬೇಕೆಂದೇ ಅವಳು ಬಾಯಿ ತೆರೆದದ್ದು. ಆದರೆ ಹಿಂದೆ ಧೋ ಎಂದು ನೀರಿನ ಸದ್ದು. ಅಷ್ಟು ವರ್ಷದ ಅಭ್ಯಾಸ ನಾಲಿಗೆಯ ಮೇಲೆ ಬಂದು ಕೂತಿತು.

“ಗಾಬರಿ ಬೇಡ. ನಾನಿದ್ದೀನಿ. ಒಳಗೆ ಎಷ್ಟು ಜನ ಇದ್ದೀರಿ?”

“ನಾನೊಬ್ಬನೇ, ಬಚ್ಚಲಲ್ಲಿ” ಎಂದರು ಅವರು, ಆಗಲೇ ಅರ್ಧ ಸಮಾಧಾನವಾದ ದನಿಯಲ್ಲಿ.

ಕಿಟಕಿಯ ಕೆಳಗಿನ ವಾಲ್ವ್ ಯಾವುದು, ಅದನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಹೇಳಿ, ಅತ್ತಿಗೆಗೆ ಫೋನ್ ಮಾಡಿ ಪ್ಲಂಬರನ್ನು ಕಳಿಸಿ, ಆರಿದ ಊಟ ಮುಗಿಸುವಾಗ ಅವಳಿಗೆ ಎಂದೂ ಇಲ್ಲದ ನೆಮ್ಮದಿ ಅನಿಸಿತು.

ಅಲ್ಲಿಂದ ಶುರುವಾಯಿತು. ಕಿಟಕಿಯ ಚಿಲಕ ಕೂರದಿದ್ದರೆ ಅವಳಿಗೆ ಫೋನ್. ಮೇಲಿನ ಮನೆಯವರು ಬೆಳಗ್ಗೆ ಆರಕ್ಕೆ ಮಂಚ ಎಳೆದಾಡಿದರೆ ಅವಳಿಗೆ ಫೋನ್. ಅವಳು ಆ ಮೇಲಿನವರ ನಂಬರ್ ಪಡೆದು ಮಾತಾಡಿದಳು. ಮಂಚದ ಕಾಲಿಗೆ ರಬ್ಬರ್ ಬಂತು, ಅವರೂ ತಮ್ಮ ನೀರಿನ ತಾಪತ್ರಯವನ್ನು ಅವಳಿಗೇ ಹೇಳತೊಡಗಿದರು. ಆ ಫ್ಲ್ಯಾಟಿನ ಮಾಲೀಕರು ಹೊರದೇಶದಲ್ಲಿದ್ದಾರೆ ಎಂಬುದಷ್ಟೇ ಕಟ್ಟಡದವರಿಗೆಲ್ಲ ಗೊತ್ತಿತ್ತು. ಅವಳೂ ಹೊರದೇಶದಲ್ಲಿದ್ದಳು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಗಂಡ ಸಿಂಕಿನ ಮುಂದೆ ನಿಂತು ಕೂದಲಿಗಂಟಿದ ಹಿಟ್ಟು ತೊಳೆದುಕೊಳ್ಳುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಬಾಡಿಗೆ ತಾನಾಗಿ ಆ ಮಾಲೀಕನ ಖಾತೆಗೆ, ತಲೆನೋವು ನಿನಗೆ, ಈ ವ್ಯವಸ್ಥೆ ಯಾರು ಮಾಡಿದ್ದು ಎಂದು ಒಂದು ದಿನ ಕೇಳಿದ. ಅಷ್ಟೆಲ್ಲ ಮಾಡುವವಳು ಆ ಮನೆಯನ್ನೇ ಕೊಂಡುಬಿಡಬಾರದೇ ಎಂದೂ ಕೇಳಿದ.

“ಅದು ಬೇರೆ ವಿಷಯ ಕಣ್ರೀ” ಎಂದಳು. “ನನ್ನದಲ್ಲ ಅಂತಲೇ ಇಷ್ಟು ಧೈರ್ಯ. ನನ್ನದಾದ ದಿನ ಕೈಕಾಲು ಬಿದ್ದುಹೋಗತ್ತೆ.”

ಮಳೆಗಾಲ ಮುಗಿದ ಮೇಲೆ ಕಟ್ಟಡದ ಸಂಘದ ಸಭೆ ನಡೆಯಿತು. ಓನರಿಲ್ಲದೆ ಬಾಡಿಗೆಯವರಿಗೆ ಪ್ರವೇಶವಿಲ್ಲ ಎಂದದ್ದಕ್ಕೆ ಪ್ರೂಫಿನವರು ಅವಳಿಗೆ ಕರೆ ಮಾಡಿ, ಫೋನನ್ನು ಒಂದು ಕುರ್ಚಿಯ ಮೇಲೆ ಒರಗಿಸಿಟ್ಟು, ತಾವು ಹಿಂದೆ ನಿಂತರು. ಕಾರು ನಿಲ್ಲಿಸುವ ಜಾಗದ ಮಾತು ಬಂದು ಇಪ್ಪತ್ತನಾಲ್ಕು ಮನೆಯವರೂ ಒಬ್ಬರ ಮೇಲೊಬ್ಬರು ಬಿದ್ದಾಗ ಕುರ್ಚಿಯ ಮೇಲಿನ ಫೋನು ಶಾಂತವಾಗಿ, ಎಲ್ಲರೂ ಒಂದು ಸಲ ಉಸಿರೆಳೆದುಕೊಳ್ಳಿ, ಮೊದಲು ನೀಲಿ ಅಂಗಿಯವರು ಹೇಳಿ ಎಂದಿತು. ಸಭೆ ತಣ್ಣಗಾಯಿತು. ನೀಲಿ ಅಂಗಿಯವರು ಹೇಳಿದರು. ಆಮೇಲೆ ಉಳಿದವರು ಹೇಳಿದರು. ಆ ಸಂಜೆಯೇ ಅವಳನ್ನು ಸಂಘದ ಕಾರ್ಯದರ್ಶಿಯಾಗಿ ಒಮ್ಮತದಿಂದ ಆರಿಸಲಾಯಿತು. ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ ಒಂದೇ ಮಾತನ್ನು ನಡಾವಳಿ ಪುಸ್ತಕದಲ್ಲಿ ಒಪ್ಪಿಗೆ ಎಂದೇ ಬರೆದುಕೊಂಡರು.

ನಾಲ್ಕು ತಿಂಗಳು ಅವಳು ಕಟ್ಟಡವನ್ನು ನಡೆಸಿದಳು. ಬೆಳಗ್ಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನೀರಿನ ಟ್ಯಾಂಕ್ ತೊಳೆಸಿದಳು. ಸಂಜೆ ಬರುವ ಬಸ್ಸಿನಲ್ಲಿ ಮೆಟ್ಟಿಲ ಕಂಬಿಗೆ ಬಣ್ಣ ಹಚ್ಚಿಸಿದಳು. ಅಪರೂಪಕ್ಕೊಮ್ಮೆ ಪ್ರೂಫಿನವರು ಸುಮ್ಮನೆ ಫೋನ್ ಮಾಡಿ, ಇವತ್ತು ತೊಂದರೆ ಏನೂ ಇಲ್ಲ, ತಿಳಿಸೋಣ ಅಂತ ಮಾಡಿದೆ ಎನ್ನುತ್ತಿದ್ದರು.

ಸಿಕ್ಕಿಬಿದ್ದದ್ದು ಮಾಲೀಕರ ಪಟ್ಟಿಯಲ್ಲಿ. ಸಂಘದವರು ಹೊಸ ಪಟ್ಟಿ ಅಚ್ಚು ಹಾಕಿಸುವಾಗ ಅದನ್ನು ತಿದ್ದಲು ಪ್ರೂಫಿನವರಿಗೇ ಕೊಟ್ಟಿದ್ದರು. ಅವರು ಫೋನ್ ಮಾಡಿ, ನಮ್ಮ ಫ್ಲ್ಯಾಟಿನ ಮುಂದೆ ಹಳೆಯ ಓನರ ಹೆಸರೇ ಉಳಿದುಬಿಟ್ಟಿದೆ, ಅಚ್ಚಿನ ದೋಷ, ತಿದ್ದಿ ನಿಮ್ಮ ಹೆಸರು ಹಾಕಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರು. ಅವಳು ಕಾರಿಡಾರಿಗೆ ಹೋಗಿ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ತಾನು ಓನರ್ ಅಲ್ಲ, ಎಂದೂ ಆಗಿರಲಿಲ್ಲ, ಹೆದರಿಕೆಯಿಂದ ಕೊಳ್ಳಲೇ ಇಲ್ಲ.

ಆ ಕಡೆ ಪಟ್ಟಿಯ ಹಾಳೆ ಮಗುಚುವ ಸದ್ದಾಯಿತು. ನಲ್ಲಿ, ಚಿಲಕ, ಮಂಚ ಎಲ್ಲವನ್ನೂ ಅವರು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಿರಬೇಕು.

“ಅಂದ್ರೆ ಮೊದಲು ಇದ್ದ ಹೆಸರೇ ಸರಿ. ನಾನೇ ತಪ್ಪು ತಿದ್ದಿದೀನಿ” ಎಂದರು ಕೊನೆಗೆ. “ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದೂ ತಪ್ಪು ಅಚ್ಚಿಗೆ ಹೋಗಿಲ್ಲ ಮೇಡಂ. ಪಟ್ಟಿ ಅಚ್ಚಾಗಿ ಮನೆ ಮನೆಗೂ ಹಂಚಿ ಆಗಿದೆ. ಈಗ ಒಂದೇ ದಾರಿ. ನೀವು ಆ ಮನೆ ಕೊಂಡ್ಕೊಂಡುಬಿಡಿ. ಆಗ ಪಟ್ಟಿ ಸರಿಯಾಗತ್ತೆ.”

ಏಳು ವರ್ಷದಲ್ಲಿ ಗಂಡ, ಅತ್ತಿಗೆ, ಬ್ಯಾಂಕಿನವರು, ಬ್ರೋಕರ್‌ಗಳು ಎಷ್ಟೋ ಕಾರಣ ಹೇಳಿದ್ದರು. ಬೆಲೆ ಏರುತ್ತದೆ, ಬಾಡಿಗೆ ಬರುತ್ತದೆ, ಮುಂದೆ ಆಸರೆಯಾಗುತ್ತದೆ. ಅದ್ಯಾವುದೂ ಅವಳನ್ನು ಕೂತಲ್ಲಿಂದ ಎಬ್ಬಿಸಿರಲಿಲ್ಲ. ಈಗ ಒಬ್ಬ ಮುದುಕರ ಹೆಸರು ಕೆಡುವುದನ್ನು ಅವಳಿಂದ ನೋಡಲಾಗಲಿಲ್ಲ. ಅಂದು ಸಂಜೆಯೇ ಸಂಘದ ಹಳೆಯ ಕಡತದಿಂದ ನಿಜವಾದ ಮಾಲೀಕನ ನಂಬರ್ ತೆಗೆಸಿ, ಕಾರ್ಯದರ್ಶಿ ಮಾತಾಡಬೇಕಂತೆ ಎಂದು ಸಂದೇಶ ಕಳಿಸಿದಳು. ಸಂಘ ಎಂದರೆ ಹೆದರುವ ಮನುಷ್ಯ, ಅವನೇ ಫೋನ್ ಮಾಡಿದ.

ಅವನು ಕಟ್ಟುಹಲ್ಲು ತಯಾರಿಸುವವನು. ಒಂಬತ್ತು ವರ್ಷದಿಂದ ಫ್ಲ್ಯಾಟ್ ಮಾರಬೇಕೋ ಬೇಡವೋ ಎಂದು ಅವನಿಗೂ ತೀರ್ಮಾನವಾಗಿರಲಿಲ್ಲ. ಅವನ ಪ್ರಶ್ನೆಗಳನ್ನು ಕೇಳುತ್ತಾ ಹೋದಂತೆ ತನ್ನ ನೋಟ್‌ಬುಕ್ಕನ್ನೇ ಯಾರೋ ಓದಿ ಹೇಳುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಗೋಡೆಗೆ ತೇವ ಹಿಡಿದಿದೆಯೇ? ಇಲ್ಲ, ಬಚ್ಚಲಿನ ಹಿಂದೆ ಸ್ವಲ್ಪ ಇತ್ತು, ಮಳೆಗೆ ಮೊದಲೇ ಸರಿಮಾಡಿಸಿದ್ದೇನೆ. ಬಾಡಿಗೆಯವರು ಹೇಗೆ? ಬಾಗಿಲು ಮುಚ್ಚುವಾಗಲೂ ಸದ್ದು ಮಾಡದವರು. ದೂರದಿಂದ ನೋಡಿಕೊಳ್ಳಲು ಕಷ್ಟವಲ್ಲವೇ? ಬಸ್ಸಿನಲ್ಲಿ ಕೂತು ಮಾಡುವಷ್ಟು ಕೆಲಸ. ಒಂದಕ್ಕೂ ಅವಳು ತಡವರಿಸಲಿಲ್ಲ. ತನ್ನ ಉತ್ತರಗಳನ್ನು ತಾನೇ ಕೇಳಿಸಿಕೊಂಡು ಅವಳಿಗೆ ಆ ಮನೆ ಮೊದಲ ಸಲ ಚೆಂದ ಕಂಡಿತು. ತೊಂದರೆಯೇನೆಂದರೆ, ಅವನಿಗೂ ಕಂಡಿತು.

“ಇಷ್ಟು ಚೆನ್ನಾಗಿರೋ ಮನೇನ ಯಾಕೆ ಮಾರಬೇಕು?” ಎಂದ.

ಅವಳು ಸುಳ್ಳು ಹೇಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸರಿ, ಇಟ್ಟುಕೊಳ್ಳಿ, ಇನ್ನು ಮೇಲೆ ಬಾಡಿಗೆಯವರ ಕರೆ ನಿಮಗೇ ಬರುತ್ತದೆ ಎಂದು ಹೇಳಿ, ಅವನು ಎತ್ತುವ ಈ ನಂಬರನ್ನು ಪ್ರೂಫಿನವರಿಗೆ ಕೊಟ್ಟಳು. ಅವರು ಒಂಬತ್ತು ವರ್ಷದ ಬಾಕಿಯನ್ನೆಲ್ಲ ಕ್ರಮವಾಗಿ ಹೇಳಲು ಶುರುಮಾಡಿದರು. ಬಾಡಿಗೆ ಕರಾರುಪತ್ರದ ಎರಡನೆಯ ಪುಟದಲ್ಲಿ ಬಿಟ್ಟುಹೋದ ಒಂದು ಅಲ್ಪವಿರಾಮದ ಬಗ್ಗೆಯೇ ಮೂರು ಸಲ ಕರೆ ಮಾಡಿದರಂತೆ. ಹಲ್ಲಿನ ಅಚ್ಚು ಕೈಯಲ್ಲಿ ಹಿಡಿದಾಗಲೆಲ್ಲ ಫೋನ್ ಹೊಡೆದುಕೊಂಡು, ಅಲ್ಪವಿರಾಮದ ಮೂರನೆಯ ಕರೆಯಲ್ಲಿ ಯಾರದೋ ಮುಂದಿನ ಎರಡು ಹಲ್ಲು ಹಿಂದುಮುಂದಾದವು. ಐದನೆಯ ದಿನ ಅವನೇ ಇವಳಿಗೆ ಕರೆ ಮಾಡಿ, ದಯವಿಟ್ಟು ತಗೊಂಡುಬಿಡಿ, ಬೆಲೆ ನೀವೇ ಹೇಳಿ ಎಂದ. ಅವಳು ನ್ಯಾಯವಾದದ್ದನ್ನೇ ಹೇಳಿದಳು.

ಮನೆಯ ನೋಂದಣಿಗೆ ತನ್ನ ಪರವಾಗಿ ಸಹಿ ಹಾಕಲು ಅತ್ತಿಗೆಗೆ ಅಧಿಕಾರಪತ್ರ ಬರೆದುಕೊಡಬೇಕೆಂದು ಗಂಡನ ಜೊತೆ ಸರ್ಕಾರಿ ಕಚೇರಿಗೆ ಹೋದಳು. ಗಾಜಿನ ಹಿಂದೆ ಕೂತಿದ್ದ ಹೆಂಗಸು ಕಾಗದವನ್ನು ಮುಂದೆ ತಳ್ಳಿ, ಓದಿದ್ದೀರಾ, ಒಪ್ಪಿಗೆ ಇದೆಯಾ, ಹೌದು ಅಥವಾ ಇಲ್ಲ ಎಂದು ಹೇಳಿ ಎಂದಳು. ಹಿಂದೆ ಸಾಲು ಉದ್ದವಾಗುತ್ತಿತ್ತು. ಗಂಡ ಉಸಿರು ಬಿಗಿಹಿಡಿದು ಮೇಲಿನ ಫ್ಯಾನ್ ನೋಡುತ್ತಾ ನಿಂತ. ಅವಳು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

“ಪೆನ್ ಇದೆಯಾ?” ಎಂದಳು.

ರಜೆ ಸಿಕ್ಕಿ ಅವಳು ಮನೆ ನೋಡಲು ಬಂದದ್ದು ಅದಾದ ಮೂರು ತಿಂಗಳಿಗೆ. ಬರುವ ಮೊದಲು ಇಡೀ ಮನೆಗೆ ಬಣ್ಣ ಹಚ್ಚಲು ಫೋನಿನಲ್ಲೇ ಹೇಳಿದ್ದಳು. ಅತ್ತಿಗೆಯ ಜೊತೆ ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಬರುವಾಗ ಬಣ್ಣದವನು ಬಕೀಟು ಹಿಡಿದು ಎದುರಿಗೇ ಇಳಿದುಹೋದ. ಪ್ರೂಫಿನವರು ಇಸ್ತ್ರಿಯಾದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ದನಿ ಕೇಳಿದರೆ ಇನ್ನೂ ಸ್ವಲ್ಪ ಎತ್ತರ ಇರಬಹುದು ಅಂದುಕೊಂಡಿದ್ದೆ ಎಂದರು. ಗಡಿಯಾರ ನೋಡಿಕೊಂಡು, ಮೊದಲು ಕೋಣೆಗಳು, ಆಮೇಲೆ ಚಹಾ ಎಂದು ಮುಂದೆ ನಡೆದರು.

ಅವಳು ಹಾಲಿನ ನಡುವೆಯೇ ನಿಂತುಬಿಟ್ಟಳು. ಕಿಟಕಿಯಿಂದ ಬಂದ ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಇದು ನನ್ನದು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕೈಕಾಲು ಬೀಳಲಿಲ್ಲ. ಹತ್ತಿರ ಹೋಗಿ ಅಂಗೈಯನ್ನು ಪೂರ್ತಿಯಾಗಿ ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಂತಳು.

“ಮೇಡಂ, ಅದಿನ್ನೂ ಹಸಿ” ಎಂದರು ಪ್ರೂಫಿನವರು.

ಕೈ ತೆಗೆದಾಗ ಐದು ಬೆರಳೂ ಗೋಡೆಯ ಮೇಲೆ ಅಚ್ಚಾಗಿ ಮೂಡಿದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ಪರಿಶೀಲಿಸಿದರು. ಅಭ್ಯಾಸಬಲದಿಂದ ಕೈ ಕಿವಿಯ ಹಿಂದಿನ ಪೆನ್ನಿಗೆ ಹೋಯಿತು. ಆಮೇಲೆ, ಇದು ಬಾಡಿಗೆಯವನಿಂದ ಆದದ್ದಲ್ಲ, ಆದ್ದರಿಂದ ಖರ್ಚು ಓನರದು, ಹೇಳಿದೆ ಎಂದು ಬೇಜಾರು ಮಾಡಿಕೊಳ್ಳಬಾರದು ಎಂದರು.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕೆನೆಬಣ್ಣದ ಅಂಗೈಯನ್ನು ಬಟ್ಟೆಗೆ ತಾಗದ ಹಾಗೆ ಮೇಲೆತ್ತಿ ಹಿಡಿದುಕೊಂಡೇ ಮೆಟ್ಟಿಲ ಹತ್ತಿರ ಓಡಿ, ಕಂಬಿಯ ಮೇಲೆ ಬಗ್ಗಿ ಬಣ್ಣದವನನ್ನು ಕೂಗಿದಳು. ಅವನಿನ್ನೂ ಮೊದಲನೆಯ ಮಹಡಿಯಲ್ಲೇ ಇದ್ದ. ಅವನು ಏದುಸಿರು ಬಿಡುತ್ತಾ ಹತ್ತಿ ಬಂದು ಬ್ರಷ್ ಅದ್ದುವ ಹೊತ್ತಿಗೆ ಒಳಗೆ ಚಹಾ ಕುದಿಯುತ್ತಿತ್ತು. ಪ್ರೂಫಿನವರು ಬಣ್ಣದವನಿಗೂ ಆಗಲಿ ಎಂದು ಇನ್ನೊಂದು ಲೋಟ ನೀರು ಸೇರಿಸಿದರು.